ಸಂಘದ ಕ್ಯಾಮರಾ ಯಾವ ಎತ್ತರದಲ್ಲಿದೆ?

ನಮ್ಮ ಸಂಘದ ಯುವ ವಿಭಾಗದಲ್ಲಿ ಸಾಕ್ಷ್ಯಚಿತ್ರ ನಿರ್ಮಾಣವನ್ನು ಕಲಿಸುವ ಒಂದು ತರಗತಿ ಬೇಕೆಂದು ನಾವು ಕೆಲವು ಸದಸ್ಯರು ಕಾರ್ಯಕಾರಿ ಸಮಿತಿಗೆ ಬರೆದುಕೊಟ್ಟ ಮನವಿಗೆ ಮೂರು ಬಗೆಯ ಉತ್ತರಗಳು ಬಂದಿವೆ. ಮಕ್ಕಳ ಕೈಯಲ್ಲಿ ಮೊಬೈಲು ಇದ್ದೇ ಇದೆ, ಅವರಿಗೆ ಇನ್ನೇನು ಕಲಿಸುವುದು ಎಂಬುದು ಒಂದು. ಸಮಾಜ ಸುಧಾರಣೆ ನಮ್ಮ ಕೆಲಸವಲ್ಲ, ಸಂಘವಿರುವುದು ನಾಡುನುಡಿಯ ಸೇವೆಗೆ ಎಂಬುದು ಇನ್ನೊಂದು. ಮೂರನೆಯದನ್ನು ಯಾರೂ ಬರೆದು ಕೊಡಲಿಲ್ಲ, ಚಹಾದ ಹೊತ್ತಿನಲ್ಲಿ ಆಡಿದರು: “ಹೊರನಾಡಿನಲ್ಲಿ ಕನ್ನಡಿಗರ ಬಡತನ ತೋರಿಸಿ ಇದ್ದ ಮರ್ಯಾದೆ ಕಳೆಯುವುದು ಬೇಡ.” ಸಮಿತಿಯ ಹಿರಿಯರ ಮೇಲೆ ನಮಗೆ ಗೌರವವಿದೆ. ಅವರ ಈ ಮಾತುಗಳ ಮೇಲೆ ಇಲ್ಲ. ಆದ್ದರಿಂದ ಈ ಪುಟಗಳಲ್ಲೇ ವಾದಕ್ಕೆ ನಿಂತಿದ್ದೇವೆ.

ಮೊಬೈಲಿನ ಮಾತನ್ನು ಬೇಗ ಮುಗಿಸಬಹುದು. ಪೆನ್ನು ಅಗ್ಗವಾಯಿತೆಂದು ಯಾರೂ ಶಾಲೆ ಮುಚ್ಚಲಿಲ್ಲ. ನಮ್ಮ ಹುಡುಗ ಹುಡುಗಿಯರು ತಮ್ಮ ಮೊಬೈಲಿನಲ್ಲಿ ಏನೇನು ಹಿಡಿದಿಟ್ಟಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ: ತಮ್ಮ ಮುಖ, ಗೆಳೆಯರ ಮುಖ, ತಟ್ಟೆಗೆ ಬಡಿಸಿದ ತಿಂಡಿ, ಅರ್ಧ ನಿಮಿಷದ ಹಾಡಿಗೊಂದು ಕುಣಿತ. ಇದರಲ್ಲಿ ದೋಷವೇನೂ ಇಲ್ಲ, ಅದು ವಯಸ್ಸಿನ ಧರ್ಮ. ಆದರೆ ಗುರುತಿಲ್ಲದವನೊಬ್ಬನ ಎದುರು ಕುಳಿತು ಒಂದು ಪ್ರಶ್ನೆ ಕೇಳಿ, ಆತ ಸುಮ್ಮನಾದಾಗ ತಾನೂ ಸುಮ್ಮನಿದ್ದು, ಆ ಮೌನ ಮುರಿಯುವ ತನಕ ಕ್ಯಾಮರಾ ನಿಲ್ಲಿಸದೆ ಕಾಯುವುದು ತಾನಾಗಿ ಯಾರಿಗೂ ಬರುವುದಿಲ್ಲ. ಮುಂಬಯಿಯ ಗದ್ದಲದಲ್ಲಿ ಒಬ್ಬನ ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಮೈಕನ್ನು ಎಲ್ಲಿ ಹಿಡಿಯಬೇಕು, ಹತ್ತು ಗಂಟೆಯ ಚಿತ್ರಣದಿಂದ ಹದಿನೈದು ನಿಮಿಷವನ್ನು ಆರಿಸುವಾಗ ಉಳಿದುದನ್ನು ಯಾವ ನ್ಯಾಯದಿಂದ ಬಿಸಾಡಬೇಕು, ಮಾತಾಡಿದವನ ಮಾತಿನ ಅರ್ಥ ಕತ್ತರಿಯಲ್ಲಿ ಸಿಕ್ಕು ತಿರುವುಮುರುವಾಗದಂತೆ ಹೇಗೆ ನೋಡಿಕೊಳ್ಳಬೇಕು, ಇವೆಲ್ಲ ಕಲಿಸಿದರೆ ಬರುವ ವಿದ್ಯೆಗಳು.

ಸಾಕ್ಷ್ಯಚಿತ್ರ ಎಂದೊಡನೆ ನಮ್ಮ ವಯಸ್ಸಿನವರಿಗೆ ಕೊಂಚ ಆಕಳಿಕೆ ಬರುವುದುಂಟು, ಒಪ್ಪೋಣ. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಷನ್ ಇದ್ದದ್ದು ಇದೇ ಊರಿನ ಪೆಡ್ಡರ್ ರಸ್ತೆಯಲ್ಲಿ. ಅಣೆಕಟ್ಟು, ಗೊಬ್ಬರದ ಕಾರ್ಖಾನೆ, ಮಂತ್ರಿಗಳ ಉದ್ಘಾಟನೆ. ಥಿಯೇಟರುಗಳು ಇವನ್ನು ಕಡ್ಡಾಯವಾಗಿ ತೋರಿಸಬೇಕಿತ್ತು, ನಾವು ಅಷ್ಟೇ ಕಡ್ಡಾಯವಾಗಿ ಹೊರಗೆ ನಿಂತು ಕಡಲೆಕಾಯಿ ತಿನ್ನುತ್ತಿದ್ದೆವು. 2022ರಲ್ಲಿ ಆ ಸಂಸ್ಥೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಅಲ್ಲಿ ಒಳ್ಳೆಯ ಕೆಲಸವೇ ಆಗಲಿಲ್ಲವೆಂದಲ್ಲ. 1967ರಲ್ಲಿ ಎಸ್.ಎನ್.ಎಸ್. ಶಾಸ್ತ್ರಿಯವರು ‘ಐ ಆಮ್ 20’ ಎಂಬ ಚಿತ್ರದಲ್ಲಿ, ಸ್ವಾತಂತ್ರ್ಯದ ವರ್ಷದಲ್ಲಿ ಹುಟ್ಟಿದ ಇಪ್ಪತ್ತರ ಹರೆಯದವರನ್ನು ಮಾತಾಡಿಸಿದರು. ಇವತ್ತು ನೋಡಿದರೂ ಚಿತ್ರ ತಾಜಾ ಇದೆ. ಆದರೂ ಒಂದು ಮಾತು: ಆ ಹರೆಯದವರು ನಿಂತದ್ದು ಕ್ಯಾಮರಾದ ಮುಂದೆ. ಹಿಂದೆ ನಿಂತು ಏನು ಕೇಳಬೇಕೆಂದು ನಿರ್ಧರಿಸಿದವರು ಸರ್ಕಾರದ ಸಂಬಳದವರು.

ನಮ್ಮ ನಾಡಿನ ಹಳ್ಳಿಗಳಿಗೂ ಇದೇ ಅನುಭವವಾಗಿದೆ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತೋರಿಸಿದ ‘ಸೈಟ್’ ಪ್ರಯೋಗವನ್ನು ಹಿರಿಯರು ಮರೆತಿರಲಾರರು. ಅಂದಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಮೊದಲೇ ಆ ಹಳ್ಳಿಯವರು ಟೀವಿಯ ಮುಂದೆ ಕುಳಿತಿದ್ದರು. ಹೇಗೆ ಬಿತ್ತಬೇಕು, ಮಕ್ಕಳನ್ನು ಹೇಗೆ ಸಾಕಬೇಕು ಎಂದು ಅವರಿಗೆ ಮೇಲಿನಿಂದ ಹೇಳಿಕೊಟ್ಟರು. ಅವರ ಹಳ್ಳಿಯಲ್ಲಿ ಏನಾಗುತ್ತಿದೆ ಎಂಬುದು ಮಾತ್ರ ಮೇಲಕ್ಕೆ ಹೋಗುವ ದಾರಿ ಇರಲಿಲ್ಲ. ಅದೇ ಜಿಲ್ಲೆಗಳಿಂದ ಹೊರಟ ಜನ ಇವತ್ತು ನಮ್ಮ ನಗರದ ನಾಕಾಗಳಲ್ಲಿ ಬೆಳಗಿನ ಏಳಕ್ಕೆ ಬುತ್ತಿ ಹಿಡಿದು ನಿಂತು ಕೂಲಿಗೆ ಕಾಯುತ್ತಾರೆ. ಅವರ ಮಾತನ್ನು ಮೇಲಕ್ಕೆ ಕಳಿಸುವ ದಾರಿ ಈಗಲೂ ಇಲ್ಲ.

ದಾರಿಯನ್ನು ಮಾಡಿಕೊಂಡವರು ಇದ್ದಾರೆ, ಅದೂ ದೂರದಲ್ಲಲ್ಲ. ಬೀದರಿನಿಂದ ಹೈದರಾಬಾದಿನ ಕಡೆಗೆ ಹೊರಟರೆ ಜಹೀರಾಬಾದ್ ಸಿಗುತ್ತದೆ, ಅದರ ಬಳಿ ಪಸ್ತಾಪುರ ಎಂಬ ಹಳ್ಳಿ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಸರೆಯಲ್ಲಿ, 1990ರ ದಶಕದ ಕೊನೆಯಿಂದ, ದಲಿತ ರೈತ ಹೆಂಗಸರು ವಿಡಿಯೋ ಚಿತ್ರೀಕರಣವನ್ನು ಕಲಿತರು. ಅವರಲ್ಲಿ ಹಲವರಿಗೆ ಓದುಬರಹ ಬಾರದು. ಬಿ.ಟಿ. ಹತ್ತಿಯನ್ನು ನಂಬಿ ವರಂಗಲ್ಲಿನ ರೈತರು ಪಟ್ಟ ಪಾಡನ್ನು 2000ರ ದಶಕದಲ್ಲಿ ವರ್ಷದಿಂದ ವರ್ಷಕ್ಕೆ ಅದೇ ರೈತರ ಬಳಿಗೆ ಹೋಗಿ ಚಿತ್ರಿಸಿದವರು ಈ ಹೆಂಗಸರು. ಇಂಗ್ಲಿಷ್ ಪತ್ರಿಕೆಯ ವರದಿಗಾರ ಒಮ್ಮೆ ಹೋಗಿ ಬರುತ್ತಾನೆ. ಇವರು ಬಿತ್ತನೆಗೂ ಹೋದರು, ಕೊಯ್ಲಿಗೂ ಹೋದರು.

ಅವರು ಕ್ಯಾಮರಾದ ಕೋನಗಳಿಗೆ ಇಟ್ಟುಕೊಂಡ ಹೆಸರುಗಳನ್ನು ಕೇಳಿ. ಎತ್ತರದಿಂದ ಕೆಳಗೆ ನೋಡುವ ನೋಟ ಅವರ ಬಾಯಲ್ಲಿ ‘ಪಟೇಲ್ ಶಾಟ್’, ಊರ ಪಟೇಲ ಕುರ್ಚಿಯ ಮೇಲೆ ಕುಳಿತು ನೆಲದ ಮೇಲಿನವರನ್ನು ನೋಡುವ ಹಾಗೆ. ಕೆಳಗಿನಿಂದ ಕತ್ತೆತ್ತಿ ನೋಡುವುದು ಆಳಿನ ನೋಟ. ಇವೆರಡೂ ಅವರಿಗೆ ಬೇಡ. ಎದುರಿಗಿರುವವರ ಕಣ್ಣಿನ ಮಟ್ಟಕ್ಕೇ ಕ್ಯಾಮರಾ ಹಿಡಿದರೆ ಅದು ‘ಸಂಘಂ ಶಾಟ್’, ಏಕೆಂದರೆ ಸಂಘದ ಸಭೆಯಲ್ಲಿ ಎಲ್ಲರೂ ನೆಲದ ಮೇಲೆ ಸಮನಾಗಿ ಕುಳಿತುಕೊಳ್ಳುತ್ತಾರೆ. ಯಾವ ಫಿಲ್ಮ್ ಶಾಲೆಯ ಪಠ್ಯಪುಸ್ತಕವೂ ಇದನ್ನು ಇಷ್ಟು ಚೊಕ್ಕವಾಗಿ ಹೇಳಿಕೊಟ್ಟೀತೆಂದು ನಮಗೆ ಅನ್ನಿಸುವುದಿಲ್ಲ.

ಈಗ ನಮ್ಮ ಸಂಘದ ಆಲ್ಬಮ್ಮುಗಳನ್ನು ಬಿಡಿಸಿ ನೋಡಬೇಕು. ಕಪಾಟಿನಲ್ಲಿ ನಲವತ್ತಕ್ಕೂ ಹೆಚ್ಚು ಇವೆ. ರಾಜ್ಯೋತ್ಸವ, ನಾಡಹಬ್ಬ, ವಾರ್ಷಿಕೋತ್ಸವ: ಶಾಲು, ಹಾರ, ಫಲತಾಂಬೂಲ. ವೇದಿಕೆಯ ಕೆಳಗೆ ನಿಂತು ಗಣ್ಯರ ಕಡೆಗೆ ಕತ್ತೆತ್ತಿ ತೆಗೆದ ಚಿತ್ರಗಳೇ ಮುಕ್ಕಾಲು ಪಾಲು. ಉಳಿದ ಕಾಲು ಪಾಲಿನಲ್ಲಿ ನೋಟ್ ಬುಕ್ ವಿತರಣೆ, ಸೀರೆ ವಿತರಣೆ, 2020ರಲ್ಲಿ ಆಹಾರಧಾನ್ಯದ ಪೊಟ್ಟಣ ವಿತರಣೆ. ಅಲ್ಲಿ ದಾನಿಯ ಮುಖ ನಿಚ್ಚಳ, ಪಡೆದವರ ತಲೆಯಷ್ಟೇ ಕಾಣುತ್ತದೆ. ಹೆಸರಿನಲ್ಲಿ ಸಂಘವಿದ್ದರೂ ಸಂಘಂ ಶಾಟ್ ಒಂದೂ ಇಲ್ಲ.

ಎರಡನೆಯ ಆಕ್ಷೇಪಕ್ಕೆ ಬರೋಣ. ನಾಡುನುಡಿಯ ಸೇವೆಗೂ ಸಮಾಜದ ಕೆಲಸಕ್ಕೂ ಸಂಬಂಧವಿಲ್ಲ ಎನ್ನುವವರು ಈ ಊರಿನ ಕನ್ನಡ ರಾತ್ರಿ ಶಾಲೆಗಳನ್ನು ನೆನೆಯಬೇಕು. ದಕ್ಷಿಣ ಕನ್ನಡದ ಹಳ್ಳಿಗಳಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಆ ಶಾಲೆಗಳ ಬೆಂಚಿನ ಮೇಲೆ ನಿದ್ದೆ ತಡೆದು ಕುಳಿತು ಮೆಟ್ರಿಕ್ ಮುಗಿಸಿದರು. ಹೊರನಾಡ ಕನ್ನಡಿಗರು ಮಾಡಿದ ಅತಿ ದೊಡ್ಡ ಕೆಲಸ ಯಾವುದೆಂದು ಕೇಳಿದರೆ ನಾವು ಅದನ್ನೇ ಹೇಳುತ್ತೇವೆ. ಅದು ಭಾಷೆಯ ಸೇವೆಯೋ, ಸಮಾಜದ ಸೇವೆಯೋ? ಬಿಡಿಸಿ ಹೇಳಬಲ್ಲವರು ಮುಂದೆ ಬರಲಿ.

ಇನ್ನೊಂದು ಉದಾಹರಣೆ ನಮ್ಮ ಗಡಿಯದೇ. 1980ರಲ್ಲಿ ಬೆಂಗಳೂರಿನಲ್ಲಿ ದೀಪಾ ಧನರಾಜ್, ಅಭಾ ಭಯ್ಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಸೇರಿ ‘ಯುಗಾಂತರ್’ ಎಂಬ ತಂಡ ಕಟ್ಟಿದರು. ಎಲ್ಲರೂ ಆಗ ತರುಣರು. ಅವರ ಮೊದಲ ಚಿತ್ರ ‘ಮೋಲ್ಕರಿಣ್’ ಪುಣೆಯಲ್ಲಿ ಮನೆಗೆಲಸದ ಹೆಂಗಸರು ಸಂಘಟಿತರಾದ ಕಥೆ. ಎರಡನೆಯದು 1982ರ ‘ತಂಬಾಕು ಚಾಕಿಲಾ ಊಬ್ ಆಲಿ’, ನಮ್ಮ ನಿಪ್ಪಾಣಿಯ ತಂಬಾಕಿನ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರದು. ನಿಪ್ಪಾಣಿ ಎಂದೊಡನೆ ಸಂಘದ ಸಭೆಗಳಲ್ಲಿ ಗಡಿಯ ಪ್ರಶ್ನೆ ಏಳುತ್ತದೆ, ಠರಾವು ಮಂಡನೆಯಾಗುತ್ತದೆ. ಅಲ್ಲಿನ ಹೆಂಗಸರ ಎದೆಗೆ ಇಳಿಯುವ ತಂಬಾಕಿನ ಧೂಳು ಯಾರ ಠರಾವಿನಲ್ಲೂ ಇಲ್ಲ. ಬೆಂಗಳೂರಿನಿಂದ ಹೋದ ಆ ತಂಡ ಆ ಹೆಂಗಸರು ಯಾವ ರಾಜ್ಯಕ್ಕೆ ಸೇರಬೇಕೆಂದು ಕೇಳಲಿಲ್ಲ. ಮೊದಲು ಅವರ ಜೊತೆ ಇದ್ದು, ಅವರು ಹೇಳುವುದನ್ನು ಕೇಳಿ, ಚಿತ್ರದಲ್ಲಿ ಏನಿರಬೇಕೆಂಬುದನ್ನು ಅವರೊಡನೆಯೇ ಕೂಡಿ ನಿರ್ಧರಿಸಿತು. ಅವರ ಚಿತ್ರಗಳನ್ನು ಬೇರೆ ಊರು ಬೇರೆ ಬಡಾವಣೆಯ ಕೆಲಸದ ಹೆಂಗಸರಿಗೆ ತೋರಿಸಿದರು. ಒಂದು ಕಡೆ ನಡೆದದ್ದು ಇನ್ನೊಂದು ಕಡೆ ನಡೆಯಬಹುದೆಂಬ ಧೈರ್ಯ ಹುಟ್ಟುವುದು ಹಾಗೆಯೇ ತಾನೆ?

ಇನ್ನು ಶುದ್ಧ ಭಾಷಾಭಿಮಾನಿಗಳಿಗೆ ಒಂದು ಮಾತು. ಮಹಾನಗರ ಪಾಲಿಕೆಯ ಕನ್ನಡ ಶಾಲೆಗಳು ಸೊರಗಿವೆ, ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲಾರರು. ಸಂಘ ಇದಕ್ಕೆ ಮಾಡಿದ ಉಪಾಯ ಭಾವಗೀತೆ ಸ್ಪರ್ಧೆ. ಹಾಡಿನ ಸಾಲನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡಿ ಬಹುಮಾನ ಪಡೆದ ಮಕ್ಕಳನ್ನು ಎಲ್ಲರೂ ಕಂಡಿದ್ದೇವೆ. ಸಾಕ್ಷ್ಯಚಿತ್ರದಲ್ಲಿ ಈ ಉಪಾಯ ನಡೆಯದು. ಒಬ್ಬರ ಮಾತನ್ನು ಒಂದು ಗಂಟೆ ಚಿತ್ರೀಕರಿಸಿದರೆ ಅದನ್ನು ಅಕ್ಷರಕ್ಕಿಳಿಸದೆ ಸಂಕಲನಕ್ಕೆ ಕೂರಲಾಗದು. ಒಂದು ಗಂಟೆಯ ಮಾತು ಬರೆದಿಡಲು ಐದಾರು ಗಂಟೆ ಬೇಕು. ಆ ಐದಾರು ಗಂಟೆ ಹುಡುಗಿಯೊಬ್ಬಳು ಕಲಬುರಗಿಯ ಹೆಂಗಸಿನ ಮಾತನ್ನು ಮತ್ತೆ ಮತ್ತೆ ಕೇಳಬೇಕು, ‘ಹೋಗೂಣು’ ಎಂದಳೋ ‘ಹೋಗೋಣ’ ಎಂದಳೋ ಎಂದು ಕಿವಿಗೊಡಬೇಕು, ಗೊತ್ತಾಗದ ಶಬ್ದಕ್ಕೆ ಮನೆಯಲ್ಲಿ ಅಜ್ಜಿಯನ್ನು ಕೇಳಬೇಕು. ಉಡುಪಿಯ ಅಜ್ಜಿಗೂ ಅದು ತಿಳಿಯದಿದ್ದರೆ ಇನ್ನೂ ಒಳ್ಳೆಯದು. ಮರುದಿನ ಆ ಹೆಂಗಸನ್ನೇ ಮತ್ತೆ ಕೇಳಲು ಹೋಗಬೇಕಾಗುತ್ತದೆ. ತಾಂಡಾಗಳಿಂದ ಬಂದ ಲಂಬಾಣಿ ಕುಟುಂಬಗಳು ಮನೆಯೊಳಗೆ ಬೇರೆ ಮಾತಾಡುತ್ತವೆ, ನಮ್ಮೊಡನೆ ಕನ್ನಡ ಆಡುತ್ತವೆ. ಕನ್ನಡ ಎಷ್ಟು ಜನರ ಎರಡನೆಯ ಮನೆ ಎಂಬುದು ಆಗ ನಮ್ಮ ಮಕ್ಕಳಿಗೆ ತಿಳಿಯುತ್ತದೆ.

ಮರ್ಯಾದೆಯ ಪ್ರಶ್ನೆಯನ್ನು ಬೇಕೆಂದೇ ಕೊನೆಗಿಟ್ಟಿದ್ದೇವೆ, ಅದರಲ್ಲೇ ನಿಜವಾದ ಅಂಜಿಕೆ ಇರುವುದರಿಂದ. 2020ರ ಮಾರ್ಚ್ 25ರಂದು ದೇಶ ಬಾಗಿಲು ಹಾಕಿಕೊಂಡಾಗ ಈ ನಗರದಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ ಕುಟುಂಬಗಳು ಎಲ್ಲಿದ್ದವು, ಹೇಗಿದ್ದವು? ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರವೇ ಮಹಾರಾಷ್ಟ್ರವೂ ಸೇರಿದಂತೆ ಕೆಲವು ರಾಜ್ಯಗಳಿಂದ ಬರುವವರನ್ನು ತಿಂಗಳ ಕೊನೆಯವರೆಗೆ ತಡೆಯಿತು. ದುಡಿದ ಊರಿನಲ್ಲಿ ಕೆಲಸವಿಲ್ಲ, ಹುಟ್ಟಿದ ಊರಿಗೆ ಪ್ರವೇಶವಿಲ್ಲ. ಇದು ನಡೆದದ್ದು ಕನ್ನಡಿಗರಿಗೆ. ಸಂಘದ ಸ್ಮರಣ ಸಂಚಿಕೆಯಲ್ಲಿ ಇದರ ಬಗ್ಗೆ ಇರುವುದು ಪೊಟ್ಟಣಗಳ ಸಂಖ್ಯೆ ಮತ್ತು ದಾನಿಗಳ ಪಟ್ಟಿ. ಆ ದಿನಗಳನ್ನು ಕಂಡವರು ಇನ್ನೂ ನಾಕಾಗಳಲ್ಲಿ ಸಿಗುತ್ತಾರೆ. ಹತ್ತು ವರ್ಷ ಕಳೆದರೆ ಕೆಲವರು ಊರಿಗೆ ಹೋಗಿರುತ್ತಾರೆ, ಕೆಲವರು ಇರುವುದೇ ಇಲ್ಲ, ಉಳಿದವರಿಗೆ ಮರೆತಿರುತ್ತದೆ. ಅವರ ಮಾತನ್ನು ಈಗ ಹಿಡಿದಿಡದಿದ್ದರೆ ಮುಂದೆ ಪೊಟ್ಟಣದ ಲೆಕ್ಕವೇ ಚರಿತ್ರೆಯಾಗುತ್ತದೆ. ಮರ್ಯಾದೆ ಹೋಗುವುದು ಯಾವುದರಿಂದ, ನೀವೇ ಹೇಳಿ.

ಆದರೂ ಈ ಆಕ್ಷೇಪದಲ್ಲಿ ಒಂದು ಕಾಳಿನಷ್ಟು ಸತ್ಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಆನಂದ್ ಪಟವರ್ಧನ್ ಅವರ ‘ಬಾಂಬೆ ಅವರ್ ಸಿಟಿ’ 1985ರ ಚಿತ್ರ, ಇದೇ ನಗರದ ಝೋಪಡಪಟ್ಟಿಗಳನ್ನು ಕೆಡವಿದ ಕಥೆ. ಅದರಲ್ಲಿ ನೆಲೆ ಕಳೆದುಕೊಂಡ ಹೆಂಗಸೊಬ್ಬಳು ಚಿತ್ರ ತೆಗೆಯುವವರ ಮೇಲೆಯೇ ಹರಿಹಾಯುತ್ತಾಳೆ, ಬಡವರ ಫೋಟೋ ತೆಗೆದು ನಿಮಗೆ ಹೆಸರು, ನಮಗೇನು ಎಂಬ ಅರ್ಥದಲ್ಲಿ. ಪಟವರ್ಧನ್ ಆ ಬೈಗುಳವನ್ನು ಕತ್ತರಿಸದೆ ಚಿತ್ರದಲ್ಲೇ ಉಳಿಸಿಕೊಂಡರು. ಸಾಕ್ಷ್ಯಚಿತ್ರ ಕಲಿಯುವ ಪ್ರತಿ ಹುಡುಗನಿಗೂ ಮೊದಲ ವಾರದಲ್ಲೇ ಆ ದೃಶ್ಯವನ್ನು ತೋರಿಸಬೇಕು. ಕೆಲಸಗಾರನೊಬ್ಬ ಕೂಲಿ ಬಾಕಿ ಇದೆಯೆಂದು ಕ್ಯಾಮರಾಕ್ಕೆ ಹೇಳಿದರೆ ಮುಕಾದಮ ಅವನನ್ನು ಮರುದಿನ ಕೆಲಸಕ್ಕೆ ಕರೆಯದಿರಬಹುದು. ಮುಖ ತೋರಿಸಬೇಕೋ ಬೇಡವೋ, ಹೆಸರು ಹೇಳಬೇಕೋ ಬೇಡವೋ ಎಂಬುದನ್ನು ಹೇಳಬೇಕಾದವನು ಅವನು, ಇಪ್ಪತ್ತು ವರ್ಷದ ನಿರ್ದೇಶಕನಲ್ಲ. ಇದಕ್ಕಾಗಿಯೇ ತರಗತಿ ಬೇಕು ಎನ್ನುತ್ತಿದ್ದೇವೆ.

ಇದಕ್ಕೊಂದು ಹಳೆಯ ಮಾದರಿ ಇದೆ. 1967ರಲ್ಲಿ ಕೆನಡಾದ ಫೋಗೋ ಎಂಬ ದ್ವೀಪದ ಮೀನುಗಾರರನ್ನು ಬೇರೆಡೆಗೆ ಎಬ್ಬಿಸುವ ಮಾತು ನಡೆದಿದ್ದಾಗ, ಅಲ್ಲಿನ ನ್ಯಾಷನಲ್ ಫಿಲ್ಮ್ ಬೋರ್ಡಿನ ಕಾಲಿನ್ ಲೋ ಅವರ ತಂಡ ದ್ವೀಪದವರ ಮಾತುಗಳನ್ನು ಸಣ್ಣ ಸಣ್ಣ ಚಿತ್ರಗಳಾಗಿ ಮಾಡಿತು. ಅವನ್ನು ಮೊದಲು ತೋರಿಸಿದ್ದು ಮಾತಾಡಿದವರಿಗೇ. ಒಂದು ಊರಿನವರು ಇನ್ನೊಂದು ಊರಿನವರ ಮಾತನ್ನು ಪರದೆಯ ಮೇಲೆ ಕೇಳಿ, ನಮ್ಮ ಕಷ್ಟವೇ ಅವರದೂ ಎಂದು ಕಂಡುಕೊಂಡರು. ಆಮೇಲೆ ಚಿತ್ರಗಳು ಸರ್ಕಾರದವರ ಮುಂದೆ ಹೋದವು. ದ್ವೀಪದವರು ಸಹಕಾರ ಸಂಘ ಕಟ್ಟಿಕೊಂಡು ಅಲ್ಲೇ ಉಳಿದರು. ಚಿತ್ರವೊಂದೇ ಇದನ್ನೆಲ್ಲ ಮಾಡಿತೆಂದು ಹೇಳುವುದು ಅತಿಶಯೋಕ್ತಿ. ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದೆ ಇದು ಆಗುತ್ತಿರಲಿಲ್ಲ.

ನಮ್ಮ ಪಕ್ಷದವರಿಗೂ ಒಂದು ಎಚ್ಚರಿಕೆ ಹೇಳಬೇಕಾಗಿದೆ. ಮನವಿಗೆ ಸಹಿ ಹಾಕಿದ ಕೆಲವರು ಈಗಾಗಲೇ ‘ಸಾಮಾಜಿಕ ಸಂದೇಶದ ಕಿರುಚಿತ್ರ ಸ್ಪರ್ಧೆ’, ಮೂರು ಬಹುಮಾನ, ತೀರ್ಪುಗಾರರಾಗಿ ಒಬ್ಬ ಚಿತ್ರನಟ ಎಂದು ಮಾತಾಡತೊಡಗಿದ್ದಾರೆ. ದಯವಿಟ್ಟು ಬೇಡ. ಸ್ಪರ್ಧೆ ಎಂದೊಡನೆ ಹಿನ್ನೆಲೆಯಲ್ಲಿ ಕೊಳಲು ಅಳತೊಡಗುತ್ತದೆ, ಚಿಂದಿ ಆಯುವ ಮಗು ನಿಧಾನವಾಗಿ ಕ್ಯಾಮರಾ ಕಡೆ ತಿರುಗುತ್ತದೆ, ಕೊನೆಗೆ ಗಾದೆಯೊಂದು ತೆರೆಯ ಮೇಲೆ ಬರುತ್ತದೆ. ಆ ಮಗುವಿನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಇಂಥ ಚಿತ್ರದಿಂದ ಬದಲಾಗುವುದು ಬಹುಮಾನ ಪಡೆದವನ ಮನೆಯ ಷೋಕೇಸು ಮಾತ್ರ.

ನ್ಯೂಯಾರ್ಕಿನಲ್ಲಿ 1984ರಲ್ಲಿ ಆರಂಭವಾದ ಎಜುಕೇಷನಲ್ ವಿಡಿಯೋ ಸೆಂಟರಿನವರು ಬೇರೆ ದಾರಿ ಹಿಡಿದರು. ಸರ್ಕಾರಿ ಹೈಸ್ಕೂಲುಗಳ ಮಕ್ಕಳಿಗೆ ಸಾಕ್ಷ್ಯಚಿತ್ರ ಕಲಿಸುವುದು ಅವರ ಕೆಲಸ. ಅಲ್ಲಿ 1986ರಲ್ಲಿ ಆದ ಒಂದು ಚಿತ್ರದ ವಿಷಯ ವಿದ್ಯಾರ್ಥಿನಿಯೊಬ್ಬಳು ತಾನೇ ವಾಸವಾಗಿದ್ದ ಕಟ್ಟಡದ ದುಃಸ್ಥಿತಿ. ಕಟ್ಟಡದ ವಿಳಾಸವೇ ಚಿತ್ರದ ಹೆಸರು. ದೂರದ ಬಡವರನ್ನು ಹುಡುಕಿಕೊಂಡು ಹೋಗದೆ ತನ್ನ ಮೆಟ್ಟಿಲಿನಿಂದಲೇ ಆರಂಭಿಸುವುದು ಎಷ್ಟು ಸರಳ, ಎಷ್ಟು ಕಷ್ಟ! ನಮ್ಮ ಸದಸ್ಯರ ಮನೆಗಳಲ್ಲಿ ಕೆಲಸಕ್ಕೆ ಬರುವ ಹೆಂಗಸರಲ್ಲಿ ಎಷ್ಟೋ ಮಂದಿ ಕನ್ನಡದವರು. ಆರಂಭಕ್ಕೆ ಅಷ್ಟು ಸಾಕು, ಮನೆಯ ಯಜಮಾನರಿಗೆ ಧೈರ್ಯವಿದ್ದರೆ.

ನಾವು ಕೇಳಿರುವುದು ಹೆಚ್ಚೇನಲ್ಲ. ಭಾನುವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ಸಂಘದ ಎರಡನೆಯ ಮಹಡಿಯ ಕೊಠಡಿ ಖಾಲಿ ಬಿದ್ದಿರುತ್ತದೆ. ಆರು ತಿಂಗಳ ತರಗತಿ. ಮೊದಲ ತಿಂಗಳು ಕ್ಯಾಮರಾ ಮುಟ್ಟುವಂತಿಲ್ಲ, ನೋಟ್ ಬುಕ್ ಹಿಡಿದು ನಾಕಾಕ್ಕೆ, ಖಾನಾವಳಿಗೆ, ಹೋಟೆಲಿನ ಹಿಂಬಾಗಿಲಿಗೆ ಹೋಗಿ ಕುಳಿತು ಮಾತಾಡಿ ಬರಬೇಕು. ಎರಡನೆಯ ತಿಂಗಳು ಕೇವಲ ಧ್ವನಿ. ಆಮೇಲೆ ಚಿತ್ರಣ, ಅಕ್ಷರಕ್ಕಿಳಿಸುವುದು, ಸಂಕಲನ. ಮುಗಿದ ಚಿತ್ರದ ಮೊದಲ ಪ್ರದರ್ಶನ ಅದರಲ್ಲಿ ಮಾತಾಡಿದವರ ಬಸ್ತಿಯಲ್ಲೇ, ಅವರು ಬೇಡವೆಂದ ಭಾಗವನ್ನು ತೆಗೆದ ಮೇಲೆ ಎರಡನೆಯದು ಸಂಘದ ಸಭಾಗೃಹದಲ್ಲಿ. ಅಂದು ಅವರೂ ಬರಬೇಕು, ಮುಂದಿನ ಸಾಲಿನಲ್ಲಿ ಕೂರಬೇಕು. ಮಕ್ಕಳ ಮೊಬೈಲುಗಳ ಜೊತೆಗೆ ಎರಡು ಒಳ್ಳೆಯ ಮೈಕು, ಒಂದು ಸ್ಟ್ಯಾಂಡು ಬೇಕು. ಸಂಕಲನಕ್ಕೆ ಕಚೇರಿಯ ಕಂಪ್ಯೂಟರು ಸಾಕಾದೀತು. ಕಳೆದ ರಾಜ್ಯೋತ್ಸವದಲ್ಲಿ ವೇದಿಕೆಯ ಹೂವಿನ ಅಲಂಕಾರಕ್ಕೆ ಆದ ಖರ್ಚು ಇದಕ್ಕಿಂತ ಹೆಚ್ಚಿತ್ತು, ಲೆಕ್ಕಪತ್ರದಲ್ಲಿ ನೋಡಿಕೊಳ್ಳಬಹುದು.

ಈಗಾಗಲೇ ಹನ್ನೊಂದು ಮಂದಿ ಹೆಸರು ಕೊಟ್ಟಿದ್ದಾರೆ, ಅವರಲ್ಲಿ ನಾಲ್ವರಿಗೆ ಕನ್ನಡ ಓದಲು ಬಾರದು. ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು’ ಎಂಬ ಕೊನೆಯ ಸಾಲಿಗೆ ಇದನ್ನು ತಳ್ಳದೆ, ಮುಂಗಡ ಪತ್ರದ ಮಂಜೂರಾತಿಗೆ ಮೊದಲೇ ಚರ್ಚೆಗೆ ಇಡಬೇಕೆಂದು ಲಿಖಿತವಾಗಿ ಕೇಳಿದ್ದೇವೆ. ಸದಸ್ಯರು ಆ ದಿನ ಊಟದ ಹೊತ್ತಿಗೆ ಬರುವ ಪದ್ಧತಿ ಬಿಟ್ಟು ಬೆಳಗ್ಗೆ ಹತ್ತಕ್ಕೇ ಬರಬೇಕು, ಮತ ಹಾಕುವುದು ಹನ್ನೊಂದರೊಳಗೆ ಮುಗಿದಿರುತ್ತದೆ.